ಪೋರ್ಟ್ ಫಾರ್ವರ್ಡ್ ಮಾಡುವ ಮೊದಲು ರೂಟರ್‌ನ ಹೊರಗಿನ ಐಪಿ ನೋಡಿ

ಹೊರಗಿನ ಇಂಟರ್ನೆಟ್ಟಿನಿಂದ ಮನೆಯೊಳಗಿನ ಸಾಧನಕ್ಕೆ ರೂಟರ್ ಮೂಲಕ ದಾರಿ ಮಾಡಿಕೊಡುವ ಪೋರ್ಟ್ ಫಾರ್ವರ್ಡಿಂಗ್ ಬಗ್ಗೆ ಯಾರೇ ಕೇಳಿದರೂ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಇರುತ್ತದೆ. "ರೂಲ್ ಹಾಕಿದೀನಿ, ಸೇವ್ ಮಾಡಿದೀನಿ, ರೂಟರ್ ರೀಸ್ಟಾರ್ಟ್ ಕೂಡ ಮಾಡಿದೀನಿ. ಆದ್ರೂ ಹೊರಗಿನಿಂದ ಓಪನ್ ಆಗ್ತಿಲ್ಲ." ಸ್ಕ್ರೀನ್‌ಶಾಟ್ ತರಿಸಿ ನೋಡಿದರೆ ರೂಲ್‌ನಲ್ಲಿ ಸಾಮಾನ್ಯವಾಗಿ ತಪ್ಪೇನೂ ಇರುವುದಿಲ್ಲ. ನಾಲ್ಕೈದು ಬಾಕ್ಸ್ ತುಂಬುವ ಕೆಲಸ ಅದು, ತಪ್ಪು ಮಾಡಲು ಅಲ್ಲಿ ಜಾಸ್ತಿ ಜಾಗವೇ ಇಲ್ಲ. ಎಡವಟ್ಟು ಇರುವುದು ಆ ಪೇಜಿನ ಆಚೆ. ಹೊರಗಿನವರು ಕಳಿಸಿದ ಪ್ಯಾಕೆಟ್ (ಇಂಟರ್ನೆಟ್ಟಿನಲ್ಲಿ ಓಡಾಡುವ ಡೇಟಾದ ತುಂಡು) ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ ಅಂದಮೇಲೆ, ರೂಟರ್‌ನಲ್ಲಿ ಏನು ಬರೆದಿಟ್ಟು ಏನು ಪ್ರಯೋಜನ?

ಹಾಗಾಗಿ ರೂಲ್ ಹಾಕುವ ವಿಷಯವನ್ನು ಸ್ವಲ್ಪ ತಡವಾಗಿಯೇ ಹೇಳುತ್ತೇನೆ. ಮೊದಲು ರೂಟರ್ ಏನು ಮಾಡುತ್ತದೆ ಅಂತ ನೋಡೋಣ. ಅದು ಗೊತ್ತಾದರೆ ಯಾವ ಕಂಪನಿಯ ರೂಟರ್ ಆದರೂ ನೀವೇ ಸೆಟ್ ಮಾಡಿಕೊಳ್ಳಬಹುದು.

ಉದಾಹರಣೆಗೆ ಶಿರಸಿ ಕಡೆಯ ಒಂದು ತೋಟದ ಮನೆ ಇಟ್ಟುಕೊಳ್ಳಿ. ಅಡಿಕೆ ಒಣಹಾಕುವ ಅಂಗಳಕ್ಕೆ ಎರಡು ಕ್ಯಾಮೆರಾ, ಗೇಟಿಗೆ ಒಂದು. ಮೂರರ ವೈರೂ ಒಳಗಿನ ಡಿವಿಆರ್‌ಗೆ, ಅಂದರೆ ರೆಕಾರ್ಡ್ ಮಾಡುವ ಡಬ್ಬಕ್ಕೆ, ಬಂದು ಸೇರುತ್ತವೆ. ಮನೆಗೆ ಫೈಬರ್ ಇಂಟರ್ನೆಟ್ ಇದೆ. ಮಗಳು ಬೆಂಗಳೂರಿನಲ್ಲಿದ್ದಾಳೆ, ಅಲ್ಲಿಂದಲೇ ಅಂಗಳ ನೋಡಬೇಕು. ಮನೆಯ ವೈಫೈನಲ್ಲಿದ್ದಾಗ ಮೊಬೈಲ್‌ನಲ್ಲಿ ಚಿತ್ರ ಚೆನ್ನಾಗಿಯೇ ಬರುತ್ತದೆ. ಬೆಂಗಳೂರಿಗೆ ಹೋದ ಕೂಡಲೇ ಬಂದ್.

ರೂಟರ್ ಯಾಕೆ ಒಳಗೆ ಬಿಡುವುದಿಲ್ಲ

ಮನೆಯ ರೂಟರ್‌ಗೆ ಎರಡು ಮುಖ. ಒಳಮುಖದ ವಿಳಾಸ, ಅಂದರೆ ಐಪಿ, ಸಾಮಾನ್ಯವಾಗಿ 192.168.0.1 ಅಥವಾ 192.168.1.1 ಇರುತ್ತದೆ. ಮನೆಯ ಸಾಧನಗಳಿಗೆಲ್ಲ ಅದೇ ಸಾಲಿನ ನಂಬರ್. ಡಿವಿಆರ್‌ಗೆ 192.168.0.50, ಅಪ್ಪನ ಮೊಬೈಲ್‌ಗೆ 192.168.0.105, ಹೀಗೆ. 192.168ರಿಂದ ಶುರುವಾಗುವ ವಿಳಾಸಗಳು, 10ರಿಂದ ಶುರುವಾಗುವವು, ಮತ್ತೆ 172.16ರಿಂದ 172.31ರವರೆಗಿನವು ಖಾಸಗಿ ಬಳಕೆಗೆಂದು ಎತ್ತಿಟ್ಟಂಥವು. ಹಾಗಂತ ಗೊತ್ತುಮಾಡಿದ್ದು 1996ರ ಆರ್‌ಎಫ್‌ಸಿ 1918 ಎಂಬ ದಾಖಲೆ. ಬೀದರಿನ ಒಂದು ಮನೆಯಲ್ಲೂ 192.168.0.50 ಇರಬಹುದು, ಶಿರಸಿಯ ಈ ಮನೆಯಲ್ಲೂ ಇರಬಹುದು, ಯಾರಿಗೂ ತೊಂದರೆಯಿಲ್ಲ. ಯಾಕಂದ್ರೆ ಈ ವಿಳಾಸಗಳು ಇಂಟರ್ನೆಟ್ಟಿನಲ್ಲಿ ಓಡಾಡುವುದೇ ಇಲ್ಲ.

ಹೊರಮುಖದ ವಿಳಾಸವನ್ನು ಕೊಡುವುದು ಇಂಟರ್ನೆಟ್ ಕಂಪನಿ. ಇಲ್ಲಿ ಅದು 203.0.113.25 ಅಂತ ಇರಲಿ. ಬರಹಗಳಲ್ಲಿ ಉದಾಹರಣೆ ಕೊಡಲೆಂದೇ ಕಾದಿಟ್ಟ ವಿಳಾಸ ಇದು, ಯಾರ ಮನೆಗೂ ಹಂಚುವುದಿಲ್ಲ.

ಅಪ್ಪ ಮೊಬೈಲ್‌ನಲ್ಲಿ ಅಡಿಕೆ ರೇಟ್ ನೋಡಲು ಒಂದು ವೆಬ್‌ಸೈಟ್ ತೆರೆಯುತ್ತಾರೆ. ಮೊಬೈಲ್ ಒಂದು ಪ್ಯಾಕೆಟ್ ಕಳಿಸುತ್ತದೆ. ಕಳಿಸಿದವರು: 192.168.0.105, ಪೋರ್ಟ್ 51344. ತಲುಪಬೇಕಾದ್ದು: ಆ ಸೈಟ್‌ನ ಐಪಿ, ಪೋರ್ಟ್ 443. ರೂಟರ್ ಇದನ್ನು ಹಿಡಿದು ಕಳಿಸಿದವರ ಜಾಗದಲ್ಲಿ 203.0.113.25, ಪೋರ್ಟ್ 40211 ಅಂತ ತಿದ್ದುತ್ತದೆ. ತನ್ನ ಪಟ್ಟಿಯಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ: "40211 ಅಂದ್ರೆ 105ರ 51344." ಆ ಸೈಟ್‌ನಿಂದ 40211ಕ್ಕೆ ಉತ್ತರ ಬಂದಾಗ ಪಟ್ಟಿ ನೋಡಿ, ಮತ್ತೆ ವಿಳಾಸ ತಿದ್ದಿ, ಮೊಬೈಲ್‌ಗೆ ಕೊಡುತ್ತದೆ. ಸ್ವಲ್ಪ ಹೊತ್ತು ಮಾತುಕತೆ ನಡೆಯದಿದ್ದರೆ ಆ ಸಾಲನ್ನು ಅಳಿಸುತ್ತದೆ. ನ್ಯಾಟ್ ಅನ್ನುವುದು ಇದನ್ನೇ. ಇದನ್ನು ವಿವರಿಸಿದ ಆರ್‌ಎಫ್‌ಸಿ 1631 ಬಂದಿದ್ದು 1994ರಲ್ಲಿ. ಐಪಿ ವಿಳಾಸಗಳು ಮುಗಿದುಹೋಗುತ್ತಿವೆ, ಶಾಶ್ವತ ಪರಿಹಾರ ಸಿಗುವವರೆಗೆ ಇದೊಂದು ತಾತ್ಕಾಲಿಕ ಉಪಾಯ ಅಂತಲೇ ಅದರಲ್ಲಿ ಹೇಳಿತ್ತು. ಮೂವತ್ತು ವರ್ಷ ದಾಟಿತು, ಆ ತಾತ್ಕಾಲಿಕ ಇನ್ನೂ ನಡೆಯುತ್ತಲೇ ಇದೆ.

ನಡುವೆ ಪೋರ್ಟ್ ಅಂದರೆ ಏನು ಅಂತಲೂ ಹೇಳಿಬಿಡುತ್ತೇನೆ. ರೂಟರ್ ಹಿಂದೆ ಕಾಣುವ ವೈರ್ ಚುಚ್ಚುವ ತೂತಿಗೂ ಇದಕ್ಕೂ ಸಂಬಂಧವಿಲ್ಲ. ಒಂದೇ ಐಪಿಯಲ್ಲಿ ಹಲವು ಸೇವೆಗಳು ನಡೆಯುತ್ತಿರುವಾಗ ಯಾವುದು ಯಾರಿಗೆ ಅಂತ ಹೇಳುವ ನಂಬರ್ ಅದು. 65535ರವರೆಗೆ ಹೋಗುತ್ತದೆ. ವೆಬ್‌ಸೈಟ್‌ಗೆ 80 ಮತ್ತು 443, ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ 22, ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ಗೆ 3389, ಮೈನ್‌ಕ್ರಾಫ್ಟ್ ಜಾವಾ ಸರ್ವರ್‌ಗೆ 25565. ಹಿಕ್‌ವಿಷನ್ ಡಿವಿಆರ್‌ಗಳು ರೂಢಿಯಲ್ಲಿ 8000, ದಾಹುವಾ ಡಿವಿಆರ್‌ಗಳು 37777 ಬಳಸುತ್ತವೆ. ಡೇಟಾ ಕಳಿಸುವ ಎರಡು ವಿಧಾನಗಳಾದ ಟಿಸಿಪಿಗೆ ಬೇರೆ, ಯುಡಿಪಿಗೆ ಬೇರೆ ಲೆಕ್ಕ. ಟಿಸಿಪಿ 8000 ತೆರೆದರೆ ಯುಡಿಪಿ 8000 ತಾನಾಗಿ ತೆರೆಯುವುದಿಲ್ಲ.

ಈಗ ಬೆಂಗಳೂರಿನಿಂದ ಮಗಳ ಆ್ಯಪ್ 203.0.113.25ರ 8000ಕ್ಕೆ ಕರೆ ಕಳಿಸಿತು ಅನ್ನಿ. ರೂಟರ್ ಪಟ್ಟಿ ನೋಡುತ್ತದೆ. ಒಳಗಿನಿಂದ ಯಾರೂ ಈ ಮಾತುಕತೆ ಶುರು ಮಾಡಿಲ್ಲ. 8000 ಯಾರದ್ದು ಅಂತಲೂ ಬರೆದಿಲ್ಲ. ಹತ್ತು ಮನೆಗಳ ವಠಾರಕ್ಕೆ ಬರೀ ಡೋರ್ ನಂಬರ್ ಬರೆದ ಪಾರ್ಸೆಲ್ ಬಂದರೆ, ಹೆಸರಿಲ್ಲದೆ ಯಾರ ಕೈಗೆ ಕೊಡುವುದು? ರೂಟರ್ ಅದನ್ನು ಬಿಸಾಕುತ್ತದೆ.

ಪೋರ್ಟ್ ಫಾರ್ವರ್ಡ್ ರೂಲ್ ಅಂದರೆ ಆ ಪಟ್ಟಿಯಲ್ಲಿ ನೀವೇ ಕೈಯಾರೆ ಬರೆದ, ಅಳಿಯದ ಒಂದು ಸಾಲು. "8000ಕ್ಕೆ ಹೊರಗಿನಿಂದ ಏನೇ ಬಂದರೂ 192.168.0.50ರ 8000ಕ್ಕೆ ಕೊಡು." ಅಷ್ಟೇ. ಟಿಪಿ-ಲಿಂಕ್, ಡಿ-ಲಿಂಕ್ ರೂಟರ್‌ಗಳು ಇದನ್ನು ವರ್ಚುಯಲ್ ಸರ್ವರ್ ಅಂತ ಕರೆಯುತ್ತವೆ. ಹೊರಗಿನವರ ಕಣ್ಣಿಗೆ ರೂಟರೇ ಸರ್ವರ್ ಥರ ಕಾಣುತ್ತದೆ, ನಿಜವಾದ ಸರ್ವರ್ ಒಳಗಿರುತ್ತದೆ. ಬಾಡಿಗೆಗೆ ಸಿಗುವ ಕ್ಲೌಡ್ ಸರ್ವರ್‌ಗೂ ಇದಕ್ಕೂ ಸಂಬಂಧವಿಲ್ಲ. ಕೆಲವು ಫೈಬರ್ ಡಬ್ಬಗಳಲ್ಲಿ ಇದೇ ಕೆಲಸದ ಹೆಸರು ಪೋರ್ಟ್ ಮ್ಯಾಪಿಂಗ್. ಹೆಸರು ಯಾವುದಾದರೂ ಇರಲಿ, ಕೆಲಸ ಒಂದೇ.

ಆ ಹೊರಗಿನ ಐಪಿ ನಿಮ್ಮದೇನಾ?

ಇಡೀ ವಿಷಯದ ಗಂಟು ಇರುವುದು ಇಲ್ಲಿ. ರೂಲ್ ಹಾಕುವ ಮೊದಲು ಎರಡು ನಂಬರ್ ನೋಡಿ. ಒಂದು, ರೂಟರ್‌ಗೆ ಲಾಗಿನ್ ಆಗಿ ಸ್ಟೇಟಸ್ ಪೇಜಿನಲ್ಲಿ ವ್ಯಾನ್ ಐಪಿ (ಹೊರಮುಖದ ವಿಳಾಸ) ಅಂತ ಇರುವುದು. ಇನ್ನೊಂದು, ಮನೆಯ ವೈಫೈನಿಂದ ಗೂಗಲ್‌ನಲ್ಲಿ "ನನ್ನ ಐಪಿ ಏನು" ಅಂತ ಇಂಗ್ಲಿಷಿನಲ್ಲಿ ಹುಡುಕಿದಾಗ ಸಿಗುವ ಸೈಟ್‌ಗಳು ತೋರಿಸುವುದು. ಎರಡನ್ನೂ ಪಕ್ಕಪಕ್ಕ ಇಡಿ. ಸೈಟ್ ಉದ್ದನೆಯ, ಕೋಲನ್ ತುಂಬಿದ ವಿಳಾಸ ತೋರಿಸಿದರೆ ಅದು ಐಪಿವಿ6. ಈಗ ನಮಗೆ ಬೇಕಿರುವುದು ನಾಲ್ಕು ತುಂಡಿನ ಐಪಿವಿ4.

ಎರಡೂ ಒಂದೇ ಆಗಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಮುಂದೆ ಹೋಗಿ.

ವ್ಯಾನ್ ಐಪಿ 192.168ರಿಂದ ಶುರುವಾಗಿದ್ದರೆ ನಿಮ್ಮ ಮನೆಯಲ್ಲೇ ಎರಡು ರೂಟರ್ ಒಂದರ ಹಿಂದೊಂದು ಕೂತಿವೆ. ಇದು ತುಂಬ ಸಾಮಾನ್ಯ. ಫೈಬರ್ ಹಾಕಲು ಬಂದವರು ಗೋಡೆಗೆ ಒಂದು ಡಬ್ಬ ಹೊಡೆದು ಹೋಗಿರುತ್ತಾರೆ. ಒಎನ್‌ಟಿ ಅನ್ನುವ ಆ ಡಬ್ಬ ತಾನೇ ಒಂದು ರೂಟರ್. ಅದರ ವೈಫೈ ಹಿಂದಿನ ಕೋಣೆಗೆ ಸಿಗುವುದಿಲ್ಲ ಅಂತ ನೀವು ಅಂಗಡಿಯಿಂದ ಇನ್ನೊಂದು ರೂಟರ್ ತಂದು ಅದರ ಹಿಂದೆ ಸಿಕ್ಕಿಸಿರುತ್ತೀರಿ. ಹೊರಗಿನಿಂದ ಬಂದ ಪ್ಯಾಕೆಟ್ ಗೋಡೆಯ ಡಬ್ಬದಲ್ಲೇ ನಿಂತುಬಿಡುತ್ತದೆ. ನೀವು ರೂಲ್ ಬರೆದಿದ್ದು ಎರಡನೆಯ ರೂಟರ್‌ನಲ್ಲಿ. ಸರಿಯಾದ ದಾರಿ ಅಂದರೆ ಒಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ (ಆಗ ಅದು ರೂಟರ್ ಕೆಲಸ ಬಿಟ್ಟು ಸಿಗ್ನಲ್ ದಾಟಿಸುತ್ತದೆ ಅಷ್ಟೇ), ಇಂಟರ್ನೆಟ್ ಕಂಪನಿ ಕೊಟ್ಟ ಪಿಪಿಪಿಒಇ ಲಾಗಿನ್‌ನ ಯೂಸರ್‌ನೇಮ್, ಪಾಸ್‌ವರ್ಡ್ ಅನ್ನು ನಿಮ್ಮ ರೂಟರ್‌ನಲ್ಲೇ ತುಂಬುವುದು. ಫೈಬರ್ ಹಾಕಿದ ಹುಡುಗನಿಗೆ ಫೋನ್ ಮಾಡಿ "ಬ್ರಿಡ್ಜ್ ಮಾಡಿಕೊಡಿ" ಅಂದರೆ ಅವನಿಗೆ ಅರ್ಥವಾಗುತ್ತದೆ. ಅದು ಆಗದಿದ್ದರೆ ಎರಡೂ ಕಡೆ ರೂಲ್ ಹಾಕಬೇಕು: ಒಎನ್‌ಟಿಯಿಂದ ನಿಮ್ಮ ರೂಟರ್‌ಗೆ, ನಿಮ್ಮ ರೂಟರ್‌ನಿಂದ ಡಿವಿಆರ್‌ಗೆ. ಇನ್ನೂ ಸುಲಭದ್ದು, ಎರಡನೆಯ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿಬಿಡುವುದು. ಆಗ ಅದು ಬರೀ ವೈಫೈ ಹಂಚುತ್ತದೆ, ರೂಲ್‌ಗಳೆಲ್ಲ ಒಎನ್‌ಟಿಯಲ್ಲಿ ಮಾತ್ರ.

ಮೂರನೆಯದೇ ನಿಜವಾದ ತಲೆನೋವು. ವ್ಯಾನ್ ಐಪಿ 100.64ರಿಂದ 100.127ರ ನಡುವೆ ಇದ್ದರೆ, ಅಥವಾ 10ರಿಂದ ಶುರುವಾಗಿದ್ದರೆ, ನಿಮ್ಮ ಇಂಟರ್ನೆಟ್ ಕಂಪನಿ ತನ್ನ ಕಡೆಯಿಂದಲೂ ಒಂದು ದೊಡ್ಡ ನ್ಯಾಟ್ ಇಟ್ಟಿದೆ ಅಂತ ಅರ್ಥ. ಇದಕ್ಕೆ ಸಿಜಿನ್ಯಾಟ್ ಅಂತಾರೆ. ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರವರಿಯಲ್ಲಿ ಹಂಚಿ ಮುಗಿಯಿತು. ನಮ್ಮ ಏಷ್ಯಾ ಪೆಸಿಫಿಕ್ ವಲಯಕ್ಕೆ ಹಂಚುವ ಎಪಿನಿಕ್ ಸಂಸ್ಥೆ ಅದೇ ಏಪ್ರಿಲ್‌ನಿಂದ ರೇಷನ್ ಲೆಕ್ಕದಲ್ಲಿ ಕೊಡತೊಡಗಿತು. ಭಾರತದಲ್ಲಿ ಮನೆಮನೆಗೆ ಫೈಬರ್ ಬಂದಿದ್ದು ಅದಾದ ಮೇಲೆ. ಅಂದಮೇಲೆ ಹೊಸ ಗಿರಾಕಿಗಳಿಗೆಲ್ಲ ಒಂದೊಂದು ಪಬ್ಲಿಕ್ ಐಪಿ ಎಲ್ಲಿಂದ ತರಬೇಕು? ಹಾಗಾಗಿ ಬಹಳಷ್ಟು ಮನೆಗಳನ್ನು ಒಂದೇ ಪಬ್ಲಿಕ್ ಐಪಿಯ ಹಿಂದೆ ಕೂರಿಸುತ್ತಾರೆ. 100.64ರ ಆ ಗುಂಪನ್ನು 2012ರಲ್ಲಿ ಇದಕ್ಕಾಗಿಯೇ ಎತ್ತಿಟ್ಟರು.

ಸಿಜಿನ್ಯಾಟ್ ಇದ್ದಾಗ ನಿಮ್ಮ ರೂಟರ್‌ನಲ್ಲಿ ಎಷ್ಟು ರೂಲ್ ಬರೆದರೂ ಆಗುವುದಿಲ್ಲ. ಪ್ಯಾಕೆಟ್ ಕಂಪನಿಯ ನ್ಯಾಟ್‌ನಲ್ಲೇ ನಿಂತುಹೋಗುತ್ತದೆ, ಅಲ್ಲಿ ರೂಲ್ ಬರೆಯುವ ಹಕ್ಕು ನಿಮಗಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ರೂಟರ್ ಬದಲಾಯಿಸುತ್ತಾರೆ, ಫ್ಯಾಕ್ಟರಿ ರೀಸೆಟ್ ಮಾಡುತ್ತಾರೆ, ಹೊಸ ಫರ್ಮ್‌ವೇರ್ (ಸಾಧನದ ಒಳಗಿನ ಸಾಫ್ಟ್‌ವೇರ್) ಹಾಕುತ್ತಾರೆ. ಯಾವುದೂ ಬೇಡ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ "ಸ್ಟ್ಯಾಟಿಕ್ ಐಪಿ ಸಿಗುತ್ತಾ, ತಿಂಗಳಿಗೆ ಎಷ್ಟು" ಅಂತ ಕೇಳಿ. ಬದಲಾಗದ, ನಿಮಗೇ ಮೀಸಲಾದ ಪಬ್ಲಿಕ್ ಐಪಿ ಅದು. ಕೆಲವರು ಕೊಡುತ್ತಾರೆ, ಕೆಲವರು ಬಿಸಿನೆಸ್ ಪ್ಲಾನ್‌ಗೆ ಮಾತ್ರ ಅನ್ನುತ್ತಾರೆ. ಇಲ್ಲ ಅಂದರೆ ಬೇರೆ ದಾರಿಗಳಿವೆ, ಕೊನೆಯಲ್ಲಿ ಬರುತ್ತೇನೆ.

ಈಗ ರೂಲ್

ಐಪಿ ನಿಮ್ಮದೇ ಅಂತಾಯಿತು. ಇನ್ನೊಂದು ಕೆಲಸ ಬಾಕಿ ಇದೆ: ಡಿವಿಆರ್‌ನ ಒಳಗಿನ ಐಪಿ ಬದಲಾಗದ ಹಾಗೆ ನೋಡಿಕೊಳ್ಳುವುದು. ಮನೆಯ ಸಾಧನಗಳಿಗೆ ರೂಟರ್ ಡಿಎಚ್‌ಸಿಪಿ ಮೂಲಕ ನಂಬರ್ ಕೊಡುತ್ತದೆ, ಅದು ಬರೀ ಬಾಡಿಗೆ ಲೆಕ್ಕ. ಮಲೆನಾಡಿನ ಮಳೆಗಾಲದ ಹಾಗೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬರುವ ಕಡೆ, ಇವತ್ತು 50 ಇದ್ದ ಡಿವಿಆರ್ ನಾಳೆ 103 ಆಗಿರಬಹುದು. ರೂಲ್ ಮಾತ್ರ 50ಕ್ಕೇ ಕಳಿಸುತ್ತಿರುತ್ತದೆ. ನಿನ್ನೆವರೆಗೆ ಚೆನ್ನಾಗಿತ್ತು, ಇವತ್ತು ಇದ್ದಕ್ಕಿದ್ದಂತೆ ನಿಂತುಹೋಯಿತು ಅನ್ನುವ ದೂರು ಬಂದರೆ ನಾನು ಮೊದಲು ನೋಡುವುದು ಇದನ್ನೇ.

ರೂಟರ್‌ನ ಡಿಎಚ್‌ಸಿಪಿ ಪೇಜಿನಲ್ಲಿ ಅಡ್ರೆಸ್ ರಿಸರ್ವೇಶನ್ ಅಂತ ಇರುತ್ತದೆ. ಅಲ್ಲಿ ಡಿವಿಆರ್‌ನ ಮ್ಯಾಕ್ ವಿಳಾಸ (ಸಾಧನ ತಯಾರಾಗುವಾಗಲೇ ಕೊಟ್ಟ ಗುರುತಿನ ನಂಬರ್) ಕೊಟ್ಟು "ಇದಕ್ಕೆ ಯಾವಾಗಲೂ 192.168.0.50" ಅಂತ ಬರೆದಿಡಿ. ಡಿವಿಆರ್‌ನಲ್ಲೇ ಸ್ಟ್ಯಾಟಿಕ್ ಐಪಿ ತುಂಬಬಹುದು. ಆದರೆ ಅದು ಡಿಎಚ್‌ಸಿಪಿ ಹಂಚುವ ಸಾಲಿನ ಹೊರಗಿರಬೇಕು. ಇಲ್ಲದಿದ್ದರೆ ಅದೇ ನಂಬರ್ ಯಾರದೋ ಮೊಬೈಲ್‌ಗೂ ಹೋಗಿ ಎರಡೂ ಜಗಳ ಮಾಡಿಕೊಳ್ಳುತ್ತವೆ. ನನ್ನ ಮಟ್ಟಿಗೆ ರಿಸರ್ವೇಶನ್ನೇ ವಾಸಿ, ಎಲ್ಲ ಲೆಕ್ಕವೂ ಒಂದೇ ಕಡೆ ಸಿಗುತ್ತದೆ.

ಆಮೇಲೆ ಟಿಪಿ-ಲಿಂಕ್ ಆದರೆ ಅಡ್ವಾನ್ಸ್‌ಡ್, ಅದರೊಳಗೆ ನ್ಯಾಟ್ ಫಾರ್ವರ್ಡಿಂಗ್, ಅದರೊಳಗೆ ವರ್ಚುಯಲ್ ಸರ್ವರ್ಸ್ ಅಥವಾ ಪೋರ್ಟ್ ಫಾರ್ವರ್ಡಿಂಗ್. ಹಳೇ ಮಾಡೆಲ್‌ಗಳಲ್ಲಿ ಎಡಗಡೆಯ ಪಟ್ಟಿಯಲ್ಲೇ ಫಾರ್ವರ್ಡಿಂಗ್ ಅಂತ ಕಾಣುತ್ತದೆ. ಆ್ಯಡ್ ಒತ್ತಿದರೆ ಬಾಕ್ಸ್‌ಗಳು ಬರುತ್ತವೆ. ಎಕ್ಸ್‌ಟರ್ನಲ್ ಪೋರ್ಟ್ ಅಂದರೆ ಹೊರಗಿನವರು ಬಡಿಯುವ ನಂಬರ್. ಇಂಟರ್ನಲ್ ಐಪಿ ಅಂದರೆ 192.168.0.50. ಇಂಟರ್ನಲ್ ಪೋರ್ಟ್ ಅಂದರೆ ಡಿವಿಆರ್ ನಿಜವಾಗಿ ಕೇಳಿಸಿಕೊಳ್ಳುತ್ತಿರುವ ನಂಬರ್, 8000. ಪ್ರೋಟೋಕಾಲ್ ಟಿಸಿಪಿ. ಗೊತ್ತಿಲ್ಲದಿದ್ದಾಗ ಎಲ್ಲರೂ ಆಲ್ ಅಂತ ಹಾಕುತ್ತಾರೆ. ಕೆಲಸವೇನೋ ಆಗುತ್ತದೆ, ಆದರೆ ಬೇಡದ ಇನ್ನೊಂದು ಬಾಗಿಲೂ ತೆರೆದುಕೊಳ್ಳುತ್ತದೆ.

ಹೊರಗಿನ ಮತ್ತು ಒಳಗಿನ ಪೋರ್ಟ್ ಒಂದೇ ಆಗಿರಬೇಕು ಅಂತೇನಿಲ್ಲ. ಮನೆಯಲ್ಲಿ ಎರಡು ವೆಬ್ ಸರ್ವರ್ ಇದ್ದು ಎರಡೂ 80ರಲ್ಲೇ ಕೂತಿದ್ದರೆ, ಹೊರಗಿನ 8081ನ್ನು ಒಂದರ 80ಕ್ಕೆ, 8082ನ್ನು ಇನ್ನೊಂದರ 80ಕ್ಕೆ ತಿರುಗಿಸಬಹುದು. ಒಂದೇ ಹೊರಗಿನ ಪೋರ್ಟನ್ನು ಇಬ್ಬರಿಗೆ ಹಂಚಲು ಮಾತ್ರ ಆಗುವುದಿಲ್ಲ.

ಅಲ್ಲೇ ಪಕ್ಕದಲ್ಲಿ ಡಿಎಂಜೆಡ್ ಅಂತ ಇನ್ನೊಂದು ಮೆನು ಕಾಣುತ್ತದೆ. ಯಾವ ರೂಲ್‌ಗೂ ಸಿಗದ ಪ್ಯಾಕೆಟ್‌ಗಳನ್ನೆಲ್ಲ ಒಂದೇ ಸಾಧನಕ್ಕೆ ಸುರಿಯುವ ಏರ್ಪಾಡು ಅದು. ಯಾವುದೂ ಕೆಲಸ ಮಾಡದಿದ್ದಾಗ ಡಿಎಂಜೆಡ್ ಆನ್ ಮಾಡಿ ಅಂತ ಎಷ್ಟೋ ವಿಡಿಯೋಗಳಲ್ಲಿ ಹೇಳುತ್ತಾರೆ. ಎರಡು ರೂಟರ್ ಇದ್ದಾಗ ಮೊದಲನೆಯದರಿಂದ ಎರಡನೆಯದಕ್ಕೆ ಎಲ್ಲವನ್ನೂ ದಾಟಿಸಲು ಅದು ಸರಿ. ಕಂಪ್ಯೂಟರ್‌ಗೋ ಡಿವಿಆರ್‌ಗೋ ನೇರವಾಗಿ ಇಡಬೇಡಿ.

ಟೆಸ್ಟ್ ಮಾಡುವುದರಲ್ಲೂ ಒಂದು ವರಸೆ ಇದೆ

ರೂಲ್ ಹಾಕಿ, ಅದೇ ಮನೆಯ ವೈಫೈನಲ್ಲಿ ಕೂತು, 203.0.113.25 ಅಂತ ಟೈಪ್ ಮಾಡಿ ನೋಡಿದರೆ ಕೆಲವು ರೂಟರ್‌ಗಳಲ್ಲಿ ಬರುತ್ತದೆ, ಕೆಲವುದರಲ್ಲಿ ಬರುವುದಿಲ್ಲ. ಒಳಗಿನಿಂದ ಹೊರಟು, ತನ್ನದೇ ಹೊರಮುಖದ ವಿಳಾಸ ಮುಟ್ಟಿ, ಮತ್ತೆ ಒಳಗೆ ತಿರುಗುವ ಪ್ಯಾಕೆಟ್ ಅದು. ಇದನ್ನು ನಿಭಾಯಿಸಲು ನ್ಯಾಟ್ ಲೂಪ್‌ಬ್ಯಾಕ್ ಅನ್ನುವ ಸೌಲಭ್ಯ ಬೇಕು, ಎಲ್ಲ ರೂಟರ್‌ಗಳಲ್ಲಿ ಅದಿಲ್ಲ. ಆದ್ದರಿಂದ ಮೊಬೈಲ್‌ನ ವೈಫೈ ಆಫ್ ಮಾಡಿ, ಸಿಮ್‌ನ ಡೇಟಾದಲ್ಲಿ ನೋಡಿ. ಅದೇ ನಿಜವಾದ ಹೊರಗು.

ಪೋರ್ಟ್ ಚೆಕ್ ಮಾಡುವ ಸೈಟ್‌ಗಳನ್ನೂ ಬಳಸಬಹುದು. ಆದರೆ ಆ ಹೊತ್ತಿಗೆ ಒಳಗಿನ ಸರ್ವರ್ ಓಡುತ್ತಿರಬೇಕು. ಮೈನ್‌ಕ್ರಾಫ್ಟ್ ಸರ್ವರ್ ಶುರು ಮಾಡದೆ 25565 ಚೆಕ್ ಮಾಡಿದರೆ ರೂಲ್ ಎಷ್ಟೇ ಸರಿ ಇದ್ದರೂ ಕ್ಲೋಸ್ಡ್ ಅಂತಲೇ ಬರುತ್ತದೆ. ಯುಡಿಪಿ ಪೋರ್ಟ್‌ಗಳ ವಿಷಯದಲ್ಲಂತೂ ಈ ಸೈಟ್‌ಗಳ ಮಾತನ್ನು ನಂಬಬೇಡಿ. ಯುಡಿಪಿಯಲ್ಲಿ ಎದುರಿನವರು ಸುಮ್ಮನಿದ್ದರೆ ಪೋರ್ಟ್ ತೆರೆದಿದೆಯೋ ಮುಚ್ಚಿದೆಯೋ ಹೇಳಲು ಬರುವುದಿಲ್ಲ.

ಎರರ್ ಯಾವುದು ಅಂತ ಗಮನಿಸಿ, ಅದರಲ್ಲೇ ಅರ್ಧ ಉತ್ತರ ಇರುತ್ತದೆ. ತಕ್ಷಣ "ಕನೆಕ್ಷನ್ ರಿಫ್ಯೂಸ್ಡ್" ಅಂತ ಬಂದರೆ ಪ್ಯಾಕೆಟ್ ಯಾವುದೋ ಯಂತ್ರದವರೆಗೆ ಹೋಗಿದೆ, ಅಲ್ಲಿ ಆ ಪೋರ್ಟ್‌ನಲ್ಲಿ ಯಾರೂ ಕೂತಿಲ್ಲ ಅಂತ ಅರ್ಥ. ಸರ್ವರ್ ಆನ್ ಇದೆಯಾ, ಒಳಗಿನ ಪೋರ್ಟ್ ನಂಬರ್ ಸರಿಯಿದೆಯಾ ನೋಡಿ. ಸುಮಾರು ಹೊತ್ತು ಸುತ್ತಿ ಸುತ್ತಿ "ಟೈಮ್ಡ್ ಔಟ್" ಅಂದರೆ ದಾರಿಯಲ್ಲೆಲ್ಲೋ ಪ್ಯಾಕೆಟ್ ಬಿಸಾಡಲ್ಪಟ್ಟಿದೆ. ಅದು ಸಿಜಿನ್ಯಾಟ್ ಇರಬಹುದು, ಎರಡು ರೂಟರ್ ಇರಬಹುದು, ತಪ್ಪು ಒಳಗಿನ ಐಪಿ ಇರಬಹುದು, ಇಲ್ಲವೇ ಸರ್ವರ್ ಇರುವ ಕಂಪ್ಯೂಟರ್‌ನ ಫೈರ್‌ವಾಲ್ ಇರಬಹುದು. ವಿಂಡೋಸ್‌ನ ಫೈರ್‌ವಾಲ್ ಹೊಸ ವೈಫೈಯನ್ನು ಪಬ್ಲಿಕ್ ಅಂತ ಗುರುತಿಸಿಕೊಂಡರೆ ಹೊರಗಿನ ಕರೆಗಳನ್ನು ಹೆಚ್ಚಾಗಿ ತಡೆದುಬಿಡುತ್ತದೆ. ಇದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ಇನ್ನು 25, 80, 445ರಂಥ ಪೋರ್ಟ್‌ಗಳನ್ನು ಕೆಲವು ಇಂಟರ್ನೆಟ್ ಕಂಪನಿಗಳೇ ಮುಚ್ಚಿಟ್ಟಿರುತ್ತವೆ. 80 ಆಗದಿದ್ದರೆ 8081ರಲ್ಲಿ ಒಮ್ಮೆ ನೋಡಿ.

ಸ್ಟ್ಯಾಟಿಕ್ ಅಲ್ಲದ ಪಬ್ಲಿಕ್ ಐಪಿ ಇದ್ದರೆ ರೂಟರ್ ರೀಸ್ಟಾರ್ಟ್ ಆದಾಗ ಹೊರಗಿನ ನಂಬರ್ ಬದಲಾಗಬಹುದು. ಅದಕ್ಕೆ ಡಿಡಿಎನ್‌ಎಸ್. ನೋ-ಐಪಿ, ಡಕ್‌ಡಿಎನ್‌ಎಸ್‌ನಂಥ ಸೇವೆಗಳಲ್ಲಿ ಒಂದು ಹೆಸರು ತೆಗೆದುಕೊಂಡು ರೂಟರ್‌ನಲ್ಲೋ ಮನೆಯ ಯಾವುದಾದರೂ ಕಂಪ್ಯೂಟರ್‌ನಲ್ಲೋ ಸೆಟ್ ಮಾಡಿದರೆ, ಐಪಿ ಬದಲಾದಾಗಲೆಲ್ಲ ಅದು ಹೋಗಿ ಆ ಹೆಸರಿಗೆ ಹೊಸ ನಂಬರ್ ಬರೆಸುತ್ತದೆ. ಡಿಡಿಎನ್‌ಎಸ್ ಹಾಕಿದರೆ ಸಿಜಿನ್ಯಾಟ್ ಸಮಸ್ಯೆಯೂ ಹೋಗುತ್ತದೆ ಅಂತ ಕೆಲವರು ನಂಬಿದ್ದಾರೆ. ಹೋಗುವುದಿಲ್ಲ. ನಿಮ್ಮದಲ್ಲದ ಐಪಿಗೆ ಹೆಸರು ಇಟ್ಟ ಹಾಗೆ ಆಗುತ್ತದೆ, ಅಷ್ಟೇ.

ನಮ್ಮ ಮನೆ ಯಾರಿಗೆ ಗೊತ್ತು ಅನ್ನಬೇಡಿ

ಇಷ್ಟೆಲ್ಲ ಹೇಳಿದ ಮೇಲೂ ಆ ಡಿವಿಆರ್‌ನ 8000ನ್ನು ತೆರೆಯಬೇಡಿ ಅಂತಲೇ ನನ್ನ ಸಲಹೆ.

"ತೋಟದ ಮನೆಯ ಕ್ಯಾಮೆರಾ, ಯಾರು ಹುಡುಕಿಕೊಂಡು ಬರ್ತಾರೆ?" ಅಂತ ಅನ್ನಿಸುತ್ತದೆ ಅಲ್ವಾ. ಯಾರೂ ನಿಮ್ಮನ್ನು ಹುಡುಕುವುದಿಲ್ಲ, ಎಲ್ಲವನ್ನೂ ಬಡಿದು ನೋಡುತ್ತಾರೆ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಝಡ್‌ಮ್ಯಾಪ್ ಅನ್ನುವ ಪ್ರೋಗ್ರಾಮ್ ಬಿಡುಗಡೆ ಮಾಡಿದರು. ಗಿಗಾಬಿಟ್ ಸಂಪರ್ಕ ಇರುವ ಒಂದೇ ಕಂಪ್ಯೂಟರ್‌ನಿಂದ, ಇಡೀ ಐಪಿವಿ4 ಇಂಟರ್ನೆಟ್ಟಿನಲ್ಲಿ ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ಬರಬಹುದು ಅಂತ ಅವರು ತೋರಿಸಿದರು. ಶೋಡಾನ್ ಅನ್ನುವ ಸರ್ಚ್ ಎಂಜಿನ್ 2009ರಿಂದಲೂ ಹೀಗೆ ತೆರೆದಿರುವ ಸಾಧನಗಳ ಪಟ್ಟಿ ಮಾಡುತ್ತಿದೆ. ನೀವು ಇವತ್ತು ಪೋರ್ಟ್ ತೆರೆದರೆ ಮೊದಲ ಬಡಿತ ಬರಲು ಬಹಳ ದಿನ ಕಾಯಬೇಕಿಲ್ಲ.

2016ರ ಮಿರಾಯ್ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಆ ವೈರಸ್ ಇಂಟರ್ನೆಟ್ ಎಲ್ಲ ತಿರುಗಿ, ದೂರದಿಂದ ಲಾಗಿನ್ ಆಗಲು ಬಳಸುವ ಟೆಲ್ನೆಟ್ ಪೋರ್ಟ್ ತೆರೆದಿದ್ದ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ಹುಡುಕುತ್ತಿತ್ತು. ಅದರ ಹತ್ತಿರ ಯಾವ ಮಂತ್ರವೂ ಇರಲಿಲ್ಲ. ಕಂಪನಿಯಿಂದ ಬರುವಾಗಲೇ ಇರುವ ಅರವತ್ತು ಚಿಲ್ಲರೆ ಯೂಸರ್‌ನೇಮ್, ಪಾಸ್‌ವರ್ಡ್‌ಗಳ ಪಟ್ಟಿ ಇತ್ತು. ಅಡ್ಮಿನ್, ಅಡ್ಮಿನ್. ರೂಟ್, 12345. ಅಷ್ಟರಿಂದಲೇ ಲಕ್ಷಗಟ್ಟಲೆ ಸಾಧನಗಳು ಕೈಗೆ ಸಿಕ್ಕವು. ಅದೇ ವರ್ಷ ಅಕ್ಟೋಬರ್ 21ರಂದು ಅವು ಡೈನ್ ಎಂಬ ಡಿಎನ್‌ಎಸ್ (ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ಸೇವೆ) ಕಂಪನಿಯ ಮೇಲೆ ಮುಗಿಬಿದ್ದಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡ್ಡಿಟ್ ಗಂಟೆಗಟ್ಟಲೆ ಸರಿಯಾಗಿ ತೆರೆಯಲಿಲ್ಲ. ಆ ದಾಳಿ ಮಾಡಿದ ಡಬ್ಬಗಳ ಒಡೆಯರಿಗೆ ಏನೂ ಗೊತ್ತಾಗಿರಲಿಕ್ಕಿಲ್ಲ. ಅವರ ಕ್ಯಾಮೆರಾ ಚಿತ್ರ ತೋರಿಸುತ್ತಲೇ ಇತ್ತು.

ಪಾಸ್‌ವರ್ಡ್ ಗಟ್ಟಿಯಾಗಿಟ್ಟರೆ ಸಾಕಾ? ಅದೂ ಸಾಲದು. 2017ರಲ್ಲಿ ಹಲವು ಹಿಕ್‌ವಿಷನ್ ಕ್ಯಾಮೆರಾಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಹೋಗಬಹುದಾದ ದೋಷ ಬೆಳಕಿಗೆ ಬಂತು. 2021ರಲ್ಲಿ ಇನ್ನೊಂದು ಗಂಭೀರ ದೋಷ ಹೊರಬಿತ್ತು. ಎರಡಕ್ಕೂ ಕಂಪನಿ ಹೊಸ ಫರ್ಮ್‌ವೇರ್ ಕೊಟ್ಟಿತು. ಆದರೆ ಗೋಡೆಗೆ ಹೊಡೆದ ಕ್ಯಾಮೆರಾಕ್ಕೆ ಫರ್ಮ್‌ವೇರ್ ಹಾಕುವವರು ಯಾರು? ಹಾಕಿಕೊಟ್ಟ ಅಂಗಡಿಯವರು ಅವತ್ತೇ ದುಡ್ಡು ತೆಗೆದುಕೊಂಡು ಹೋದರು. 8000ದ ಬದಲು 48213 ಅಂತ ಹೊರಗಿನ ಪೋರ್ಟ್ ಬದಲಿಸಿದರೆ ಸುಮ್ನೆ ಬಡಿಯುವವರ ಗಲಾಟೆ ಕಡಿಮೆ ಆಗುತ್ತದೆ ನಿಜ. ಆದರೆ ದೋಷ ಇದ್ದಲ್ಲೇ ಇರುತ್ತದೆ.

ರಿಮೋಟ್ ಡೆಸ್ಕ್‌ಟಾಪ್‌ನ 3389, ಫೈಲ್ ಶೇರಿಂಗ್‌ನ 445 ಇವೆರಡನ್ನಂತೂ ಯಾವ ಕಾರಣಕ್ಕೂ ತೆರೆಯಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಹಬ್ಬಿದ್ದು 445ರ ದಾರಿಯಲ್ಲೇ. ರೂಟರ್‌ನ ಸ್ವಂತ ಅಡ್ಮಿನ್ ಪೇಜನ್ನು ಹೊರಗಿನಿಂದ ತೆರೆಯಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಕೂಡ ಆಫ್ ಇರಲಿ.

ಇನ್ನು ಯುಪಿಎನ್‌ಪಿ. ಒಳಗಿನ ಯಾವ ಸಾಧನ ಬೇಕಾದರೂ ನಿಮ್ಮನ್ನು ಕೇಳದೆ ರೂಟರ್‌ಗೆ ಹೇಳಿ ತನಗೆ ಬೇಕಾದ ಪೋರ್ಟ್ ತೆರೆಸಿಕೊಳ್ಳುವ ಏರ್ಪಾಡು ಅದು. ಪ್ಲೇಸ್ಟೇಷನ್‌ಗೆ, ಎಕ್ಸ್‌ಬಾಕ್ಸ್‌ಗೆ ಅನುಕೂಲ. ಆದರೆ ಅಗ್ಗದ ಕ್ಯಾಮೆರಾ ಒಂದು ತನ್ನಷ್ಟಕ್ಕೆ ತಾನೇ ಬಾಗಿಲು ತೆಗೆದುಕೊಂಡು ಕೂತಿರಬಹುದು. ರೂಟರ್‌ನ ಯುಪಿಎನ್‌ಪಿ ಪೇಜಿನಲ್ಲಿ ಈಗ ಯಾರು ಏನು ತೆರೆದಿದ್ದಾರೆ ಅಂತ ಪಟ್ಟಿ ಇರುತ್ತದೆ, ಒಮ್ಮೆ ನೋಡಿ. ಗೇಮ್ ಆಡುವವರು ಮನೆಯಲ್ಲಿ ಇಲ್ಲದಿದ್ದರೆ ಆಫ್ ಮಾಡಿಬಿಡಿ.

ಹಾಗಾದರೆ ಅಂಗಳ ನೋಡುವುದು ಹೇಗೆ?

ಬಾಗಿಲು ಒಂದೇ ತೆರೆಯಿರಿ, ಅದು ಹೊರಗಿನಿಂದ ಮನೆಯ ಜಾಲಕ್ಕೆ ಗುಪ್ತ ದಾರಿ ಮಾಡುವ ವಿಪಿಎನ್‌ನದ್ದಾಗಿರಲಿ. ಮನೆಯಲ್ಲಿ ಒಂದು ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ನಲ್ಲಿ ಅಥವಾ ಹಳೇ ಲ್ಯಾಪ್‌ಟಾಪ್‌ನಲ್ಲಿ ವೈರ್‌ಗಾರ್ಡ್ ಅನ್ನುವ ವಿಪಿಎನ್ ಹಾಕಿ, ಅದಕ್ಕೆ ಒಂದೇ ಒಂದು ರೂಲ್ ಬರೆಯಿರಿ: ಯುಡಿಪಿ, 51820. ಮಗಳ ಮೊಬೈಲ್‌ನಲ್ಲಿ ವೈರ್‌ಗಾರ್ಡ್ ಆ್ಯಪ್. ಆನ್ ಮಾಡಿದರೆ ಆ ಮೊಬೈಲ್ ಮನೆಯ ಜಾಲದೊಳಗೇ ಇದ್ದ ಹಾಗೆ. ಡಿವಿಆರ್ ಮಾತ್ರ ಯಾಕೆ, ಪ್ರಿಂಟರ್, ರೂಟರ್ ಪೇಜ್ ಎಲ್ಲ 192.168ರ ವಿಳಾಸದಲ್ಲೇ ಸಿಗುತ್ತವೆ. ಸರಿಯಾದ ಕೀ ಇಲ್ಲದವರು ಬಡಿದರೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಸ್ಕ್ಯಾನ್ ಮಾಡುವವರಿಗೆ ಅಲ್ಲೇನೋ ಇದೆ ಅಂತಲೂ ಗೊತ್ತಾಗುವುದಿಲ್ಲ. ಕೆಲವು ರೂಟರ್‌ಗಳಲ್ಲೇ ಓಪನ್‌ವಿಪಿಎನ್ ಅಥವಾ ವೈರ್‌ಗಾರ್ಡ್ ಸರ್ವರ್ ಇರುತ್ತದೆ. ಆಗ ಬೇರೆ ಕಂಪ್ಯೂಟರೂ ಬೇಡ, ಫಾರ್ವರ್ಡ್ ರೂಲೂ ಬೇಡ.

ಸಿಜಿನ್ಯಾಟ್ ಇರುವವರಿಗೆ ಉಪಯೋಗಕ್ಕೆ ಬರುವುದು ಟೇಲ್‌ಸ್ಕೇಲ್, ಕ್ಲೌಡ್‌ಫ್ಲೇರ್ ಟನಲ್‌ನಂಥ ಸೇವೆಗಳು. ಇವುಗಳ ಗುಟ್ಟು ಸರಳ. ಹೊರಗಿನಿಂದ ಒಳಗೆ ಬರಲು ಆಗುವುದಿಲ್ಲ ತಾನೆ, ಒಳಗಿನಿಂದ ಹೊರಗೆ ಹೋಗಲು ಅಡ್ಡಿಯಿಲ್ಲವಲ್ಲ. ಮನೆಯ ಸಾಧನವೇ ಮೊದಲು ಹೊರಗಿನ ಒಂದು ಸರ್ವರ್‌ಗೆ ಸಂಪರ್ಕ ಮಾಡಿ ಅದನ್ನು ಹಿಡಿದುಕೊಂಡಿರುತ್ತದೆ. ನ್ಯಾಟ್ ಪಟ್ಟಿಯಲ್ಲಿ ಸಾಲು ಬಿದ್ದಿದೆ, ಆ ಸಾಲಿನಲ್ಲೇ ಎಲ್ಲ ಓಡಾಟ. ಡಿವಿಆರ್ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಯಾವ ಪೋರ್ಟೂ ತೆರೆಯದೆ ಮೊಬೈಲ್‌ನಲ್ಲಿ ಚಿತ್ರ ಬರುತ್ತದಲ್ಲ, ಅದೂ ಹೀಗೆಯೇ. ಬೆಲೆ ಏನು ಅಂದರೆ ನಿಮ್ಮ ಕ್ಯಾಮೆರಾದ ಕೀಲಿ ಕ್ಯಾಮೆರಾ ಕಂಪನಿಯ ಸರ್ವರ್‌ನ ಕೈಯಲ್ಲೂ ಇರುತ್ತದೆ. ಅಂಗಳದ ಕ್ಯಾಮೆರಾಕ್ಕೆ ನಾನದನ್ನು ಒಪ್ಪುತ್ತೇನೆ. ಮನೆಯೊಳಗಿನದಕ್ಕೆ ಒಪ್ಪುವುದಿಲ್ಲ.

ಐಪಿವಿ6 ಬಂದರೆ ಇದೆಲ್ಲ ಬೇಕಾ ಅಂತ ಕೇಳಬಹುದು. ಅಲ್ಲಿ ವಿಳಾಸಗಳಿಗೆ ಬರವಿಲ್ಲ, ಪ್ರತಿ ಸಾಧನಕ್ಕೂ ಸ್ವಂತ ಪಬ್ಲಿಕ್ ವಿಳಾಸ, ನ್ಯಾಟ್ ಇಲ್ಲ, ಫಾರ್ವರ್ಡಿಂಗ್ ಇಲ್ಲ. ಆದರೆ ರೂಟರ್‌ನ ಫೈರ್‌ವಾಲ್ ಒಳಬರುವುದನ್ನು ತಡೆಯುತ್ತದೆ, ಅಲ್ಲಿ ಆ ಸಾಧನಕ್ಕೆ, ಆ ಪೋರ್ಟ್‌ಗೆ ಮಾತ್ರ ಅನುಮತಿ ಬರೆಯಬೇಕು. ಕಂಪನಿಯವರು ಕೊಟ್ಟ ಎಷ್ಟೋ ಡಬ್ಬಗಳಲ್ಲಿ ಆ ಮೆನುವೇ ಕಾಣುವುದಿಲ್ಲ. ಜಿಯೋ ಮೊಬೈಲ್ ಜಾಲ ಶುರುವಿನಿಂದಲೂ ಐಪಿವಿ6 ಕೊಡುತ್ತಿರುವುದರಿಂದ ಮೊಬೈಲ್‌ನಿಂದ ಮನೆಗೆ ಈ ದಾರಿ ಚೆನ್ನಾಗಿ ನಡೆಯುತ್ತದೆ. ಐಪಿವಿ4 ಮಾತ್ರ ಇರುವ ಆಫೀಸಿನ ವೈಫೈಗೆ ಹೋದರೆ ಮತ್ತೆ ಕಾಣುವುದಿಲ್ಲ.

ಕೊನೆಗೊಂದು ಸಣ್ಣ ಕೆಲಸ, ಹೆಚ್ಚಿನವರು ಮರೆಯುವಂಥದ್ದು. ರಜೆಯಲ್ಲಿ ಮಕ್ಕಳಿಗೆಂದು ಹಾಕಿದ ಮೈನ್‌ಕ್ರಾಫ್ಟ್ ರೂಲ್ ರಜೆ ಮುಗಿದ ಮೇಲೂ ಅಲ್ಲೇ ಇರುತ್ತದೆ. ಅದು ಕಂಪ್ಯೂಟರ್ ನೋಡುವುದಿಲ್ಲ, ಬರೀ ಒಳಗಿನ ಐಪಿ ನೋಡುತ್ತದೆ. ಆ ಐಪಿ ಮುಂದೆ ಬೇರೊಂದು ಸಾಧನಕ್ಕೆ ಹೋದರೆ, ಆ ಪೋರ್ಟ್ ಅದರ ಮೇಲೂ ತೆರೆದೇ ಇರುತ್ತದೆ. ಡಿಸೇಬಲ್ ಬಟನ್ ಅದೇ ಸಾಲಿನಲ್ಲಿದೆ.